ಮಳೆಗಾಳಿಯ ದಿಕ್ಕು

ದ್ವೀಪದಿಂದ
ತಾರೀಖು ಗೊತ್ತಿಲ್ಲ. ಮಳೆ ಶುರುವಾಗಿದೆ, ವಾಝೋ ತಿಂಗಳಿರಬೇಕು

ಅಮ್ಮನಿಗೆ ಅಡ್ಡಬಿದ್ದು, ನ್ವೇ ಖಿನ್ ಅನ್ನೋ ಕಪ್ಪೆಮರಿಯ ತಲೆಗೊಂದು ಮೊಟಕಿ, ನಿಮ್ಮ ಥಾ ಝಾನ್ ಬರೆಯೋದು.

ನಾನು ಬದುಕಿದ್ದೀನಿ. ಇದನ್ನ ಮೊದಲ ಸಾಲಲ್ಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಅಮ್ಮ ಎರಡನೇ ಸಾಲು ಓದಿಸಿಕೊಳ್ಳೋ ಮೊದಲೇ ಎದೆ ಹಿಡ್ಕೊಂಡು ಕೂತುಬಿಡ್ತಾಳೆ. ಕೈಕಾಲು ಜಾಗದಲ್ಲೇ ಇವೆ. ಎಡಗೈ ಕಿರುಬೆರಳಿನ ತುದಿ ಬಲೆ ಎಳೆಯೋ ಯಂತ್ರಕ್ಕೆ ಸಿಕ್ಕಿ ಹೋಯ್ತು. ಹೋಗ್ಲಿ ಬಿಡಿ, ಆ ಬೆರಳಿಂದ ನಾನು ಯಾವತ್ತೂ ಏನೂ ಕಡಿದು ಕಟ್ಟೆ ಹಾಕಿರಲಿಲ್ಲ.

ಯಾಂಗೊನಿನಲ್ಲಿ ಸಿಕ್ಕಿದ್ದನಲ್ಲ ಆ ಏಜೆಂಟು, ಥಾಯ್ಲೆಂಡಿನಲ್ಲಿ ಅನಾನಸ್ ಕಾರ್ಖಾನೆ, ನೆರಳಲ್ಲಿ ಕೂತು ಮಾಡೋ ಕೆಲಸ ಅಂದಿದ್ದ. ಲಾರಿಯಲ್ಲಿ ತಾಡಪಾಲಿನ ಕೆಳಗೆ ಮಲಗಿಸಿ ಗಡಿ ದಾಟಿಸಿದ. ಅಲ್ಲಿಂದ ಒಂದು ಮೀನಿನ ಹಡಗಿನ ಹೊಟ್ಟೆಯೊಳಗೆ ತಳ್ಳಿದರು. ಬಾಗಿಲು ತೆಗೆದಾಗ ಸುತ್ತ ಬರೀ ನೀರು. ಎಷ್ಟು ದಿನ ಬಂದ್ವಿ, ಯಾವ ಕಡೆಗೆ ಬಂದ್ವಿ, ಬುದ್ಧನಾಣೆ ಗೊತ್ತಿಲ್ಲ.

ಹಿಡಿದ ಮೀನು ತಂದು ಈ ದ್ವೀಪದಲ್ಲಿ ಹಾಕ್ತೀವಿ. ಥಾಯ್ಲೆಂಡಿನಿಂದ ದೊಡ್ಡ ಹಡಗು ಬಂದು ತುಂಬಿಕೊಂಡು ಹೋಗುತ್ತೆ. ಮೀನು ಹೋಗುತ್ತೆ, ನಾವು ಹೋಗೋ ಹಾಗಿಲ್ಲ. ಊರಿಗೆ ಕಳಿಸಿ ಅಂತ ಕೇಳಿದ ಒಬ್ಬನನ್ನ ಬೋನಿನಲ್ಲಿ ಕೂಡಿಹಾಕಿದ್ರು. ಅದಕ್ಕೇ ನಾನು ಕೇಳಿಲ್ಲ. ಯಾವ ದೇಶ ಇದು ಅಂದ್ರೆ ಎಲ್ಲರೂ 'ಇಂಡೋ' ಅಂತಾರೆ. ಇಂಡೋನೇಷ್ಯಾ ಅಂದ್ರೆ ಮಲೇಷ್ಯಾ ಪಕ್ಕ ತಾನೇ? ಹಾಗಿದ್ರೆ ಊರಿಂದ ಬಹಳ ದೂರ ಇರಲಾರದು. ಸಮುದ್ರ ನೋಡಿದ್ರೆ ನಮ್ಮದೇ ಸಮುದ್ರದ ಹಾಗಿದೆ, ಅದೇ ಉಪ್ಪು, ಅದೇ ವಾಸನೆ.

ದೊಡ್ಡ ಹಡಗಿನ ಅಡುಗೆಯವರು ಊ ಚಿತ್ ಪೇ ಅಂತ, ವಯಸ್ಸಾದವರು, ನಮ್ಮ ಬರ್ಮಾ ಕಡೆಯವರೇ. ಈ ಪತ್ರನ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿ ತಗೊಂಡು ಹೋಗ್ತಾರೆ. ನೀವು ಬರೆದ್ರೆ ಥಾಯ್ಲೆಂಡಿನ ಮಹಾಚೈ ಬಂದರಿನಲ್ಲಿ ನಮ್ಮವರ ಚಹಾ ಅಂಗಡಿಗೆ ಯಾರ ಕೈಲಾದ್ರೂ ತಲುಪಿಸಿ, ಅವರಿಗೆ ಸಿಗುತ್ತೆ. ತಿಂಗಳುಗಟ್ಟಲೆ ಆಗುತ್ತೆ. ಆಗ್ಲಿ, ನನಗೇನು ಬೇರೆ ಕೆಲಸ.

ಅಮ್ಮ, ಅಳಬೇಡ. ಕಪ್ಪೆಮರಿ, ಅಮ್ಮ ಅತ್ತರೆ ನನಗೆ ಬರೀಬೇಡ.

ನಿಮ್ಮ,
ಥಾ ಝಾನ್

*

ಗ್ವ ತಾಲ್ಲೂಕು, ಕ್ಯೌಕ್ ಚೌಂಗ್
24 ಏಪ್ರಿಲ್ 1997

ಪ್ರೀತಿಯ ಅಣ್ಣ,

ಅಮ್ಮ ಅತ್ತಳು. ಬರೀಬೇಡ ಅಂದಿದ್ದೀಯ, ಬರೀತೀನಿ, ಏನು ಮಾಡ್ತೀಯೋ ಮಾಡು. ಎರಡು ವರ್ಷ ಕಣೋ! ಒಂದು ಸಾಲು ಇಲ್ಲ, ಒಂದು ಸುದ್ದಿ ಇಲ್ಲ. ಹೋದ ವರ್ಷ ಅಮ್ಮ ನಿನ್ನ ಹೆಸರಲ್ಲಿ ಭಿಕ್ಷುಗಳಿಗೆ ಊಟ ಹಾಕಿಸಿದಳು. ಬದುಕಿರೋರಿಗೆ ಹಾಕಿಸೋ ಊಟವೋ ಸತ್ತವರಿಗೆ ಹಾಕಿಸೋ ಊಟವೋ ಅಂತ ಮಠದಲ್ಲಿ ಕೇಳಿದ್ರೆ ಅನ್ನದ ಪಾತ್ರೆನ ಮುಂದಕ್ಕೆ ತಳ್ಳಿದಳು. ಈಗ ನಿನ್ನ ಪತ್ರನ ರವಿಕೆಯೊಳಗೆ ಇಟ್ಕೊಂಡು ಓಡಾಡ್ತಾಳೆ. ಓದೋಕೆ ಬರದಿದ್ರೂ ಆಗಾಗ ತೆಗೆದು ನೋಡ್ತಾಳೆ.

ನೀನು ವಾಝೋ ಅಂತ ಯಾಕೆ ಬರೆದೆ? ನಿನ್ನ ಪತ್ರ ಬಂದಿದ್ದು ತಿಂಜಾನ್ ಹಬ್ಬದ ನೀರೆರಚಾಟದ ಮಧ್ಯೆ. ಭಿಕ್ಷುಗಳು ಮಳೆಗಾಲಕ್ಕೆ ಮಠ ಸೇರೋ ವಾಝೋ ಇನ್ನೂ ಬಂದೇ ಇಲ್ಲ. ಇಲ್ಲಿ ಬಾವಿ ಬತ್ತಿದೆ, ಮಳೆಯ ಸುಳಿವಿಲ್ಲ. ಪತ್ರ ಒಂದು ವರ್ಷ ದಾರಿಯಲ್ಲೇ ಕೊಳೀತಿತ್ತೇನೋ ಅಂದ್ಕೊಂಡ್ವಿ. ತಂದವರನ್ನ ಕೇಳಿದ್ರೆ ಇಲ್ಲ, ಮೂರು ನಾಲ್ಕು ತಿಂಗಳಾಗಿರಬಹುದು ಅಷ್ಟೇ ಅಂದ್ರು. ಹಾಗಾದ್ರೆ ನೀನು ಬರೆದದ್ದು ಡಿಸೆಂಬರಿನಲ್ಲೋ ಜನವರಿಯಲ್ಲೋ. ಆವಾಗ ಎಲ್ಲಿ ಮಳೆ ಬರುತ್ತೆ? ನಿನಗೆ ಬಿಸಿಲಿಗೆ ತಲೆ ಕೆಟ್ಟಿದೆ ಅಂತ ನಾನು. ನಮ್ಮ ಭೂಗೋಳದ ಟೀಚರ್ ದೋ ಮ್ಯಿಂತ್ ಯೀ ಮಾತ್ರ ಪತ್ರನ ಎರಡು ಸಲ ಓದಿ, ಎಲೆ ಅಡಿಕೆ ಉಗಿದು ಬಂದು, "ನಿಮ್ಮಣ್ಣನ ತಲೆ ಸರಿಯಾಗೇ ಇದೆ. ಎಲ್ಲಿದ್ದಾನೆ ಅನ್ನೋದೇ ತಿಳೀಬೇಕು" ಅಂದ್ರು.

ನನ್ನ ಮೇಲೆ ಅವರಿಗೆ ಮೊದಲೇ ಕೋಪ. ಎಂಟನೇ ಕ್ಲಾಸಿನಲ್ಲಿ ಭೂಗೋಳದಲ್ಲಿ ಡುಮ್ಕಿ ಹೊಡೆದೋಳು ಇಡೀ ಶಾಲೆಗೆ ನಾನೊಬ್ಬಳೇ. ಮೀನು ಒಣಗಿಸೋಳಿಗೆ ಅದೆಲ್ಲ ಯಾಕೆ ಅಂತ ಎದುರುತ್ತರ ಬೇರೆ ಕೊಟ್ಟಿದ್ದೆ. ಈಗ ದಿನಾ ಶಾಲೆ ಬಿಟ್ಟಮೇಲೆ ಕೂರಿಸಿಕೊಳ್ತಾರೆ. "ಇಂಡೋನೇಷ್ಯಾ ಮಲೇಷ್ಯಾ ಪಕ್ಕ ಅಂತೆ! ಪಕ್ಕವೇ, ಆದರೆ ಎಷ್ಟು ಉದ್ದ ಗೊತ್ತೇನೇ ಮಂಗ?" ಅಂತ ನಕ್ಷೆಯ ಮೇಲೆ ಕೋಲು ಎಳೆದ್ರು. ಕೋಲು ಹೋಗ್ತಾನೇ ಇತ್ತು ಅಣ್ಣ. ದ್ವೀಪ, ಮತ್ತೆ ದ್ವೀಪ. ಅದರಲ್ಲಿ ಯಾವುದರ ಮೇಲೆ ನೀನು ಕೂತಿದ್ದೀಯ?

ಟೀಚರ್ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಬರಿ. ಸೂರ್ಯ ಹುಟ್ಟೋ ಕಡೆ ಮುಖ ಮಾಡಿ ನಿಂತರೆ ಮಧ್ಯಾಹ್ನ ನಿನ್ನ ನೆರಳು ಎಡಕ್ಕೆ ಬೀಳುತ್ತೋ ಬಲಕ್ಕೋ? ಧ್ರುವ ನಕ್ಷತ್ರ ಕಾಣುತ್ತಾ? ಮಳೆ ಇಲ್ಲದಾಗ ಗಾಳಿ ಯಾವ ಕಡೆಯಿಂದ ಬೀಸುತ್ತೆ? ಅಡುಗೆಯವರ ಹಡಗು ಥಾಯ್ಲೆಂಡಿನಿಂದ ನಿಮ್ಮ ಕಡೆ ಬರುವಾಗ ಬೆಳಗಿನ ಬಿಸಿಲು ಮುಖಕ್ಕೆ ಬೀಳುತ್ತೋ ಬೆನ್ನಿಗೋ? ಇಷ್ಟು ಗೊತ್ತಾದ್ರೆ ನಿನ್ನನ್ನ ಹುಡುಕ್ತೀನಿ ಅಂತಾರೆ.

ಇನ್ನು ಕೆಳಗಿರೋದು ಅಮ್ಮನ ಮಾತು. ಪಕ್ಕದಲ್ಲೇ ಕೂತಿದ್ದಾಳೆ, ಹೇಳಿದ ಹಾಗೇ ಬರೀತಿದ್ದೀನಿ.

"ಮಗನೇ, ಈ ಹುಡುಗಿಯ ಶಾಲೆ ಪಾಠ ಎಲ್ಲ ನಂಗೆ ಗೊತ್ತಾಗಲ್ಲ. ನಂಗೆ ಗೊತ್ತಿರೋದು ಒಂದೇ. ನಿಮ್ಮಪ್ಪ ಆ ವರ್ಷ ಬಿರುಗಾಳಿಗೆ ಸಿಕ್ಕಿ ದಿಕ್ಕು ತಪ್ಪಿದಾಗ ಊರೆಲ್ಲ ಅವರ ಆಸೆ ಬಿಟ್ಟಿತ್ತು. ಅವರು ಏನು ಮಾಡಿದ್ರು? ಮಳೆಗಾಳಿನ ಬೆನ್ನಿಗೆ ಹಾಕ್ಕೊಂಡು, ಸೂರ್ಯ ಹುಟ್ಟೋ ಕಡೆ ದೋಣಿ ತಿರುಗಿಸಿ, ಸುಮ್ಮನೆ ಕೂತ್ರು. ಗಾಳಿಯೇ ತಂದು ನಮ್ಮ ದಡಕ್ಕೆ ಹಾಕ್ತು. ನಿಂಗೂ ಹೇಗಾದ್ರೂ ಒಂದು ದೋಣಿ ಸಿಕ್ಕಿದ್ರೆ ಹಾಗೇ ಮಾಡು. ಮಳೆಗಾಳಿ ಏಳೋವರೆಗೆ ಕಾಯಿ, ಎದ್ದಮೇಲೆ ಸೂರ್ಯ ಹುಟ್ಟೋ ಕಡೆ ಬಾ. ನಾನು ದಡದಲ್ಲಿರ್ತೀನಿ."

ಅಷ್ಟೇ ಸಾಕಂತೆ. ಬೇಗ ಬರಿ, ಹೊಟ್ಟೆತುಂಬ ತಿನ್ನು, ಆ ಬೋನಿನ ಹತ್ತಿರ ಸುಳೀಬೇಡ.

ನಿನ್ನ ತಂಗಿ (ಕಪ್ಪೆ ಅಲ್ಲ),
ನ್ವೇ ಖಿನ್

*

ದ್ವೀಪದಿಂದ
ನಿನ್ನ ಲೆಕ್ಕದಲ್ಲಿ ಆಗಸ್ಟ್ 1997

ಕಪ್ಪೆಮರಿ,

ನಿನ್ನ ಪತ್ರ ಬಂತು. ನಾಲ್ಕು ಜನ ಕೂತು ಓದಿದ್ವಿ. ಇಲ್ಲಿ ಒಬ್ಬರಿಗೆ ಪತ್ರ ಬಂದ್ರೆ ಎಲ್ಲರಿಗೂ ಬಂದ ಹಾಗೆ. ಅಮ್ಮನ ಮಾತು ಓದೋವಾಗ ದವೇ ಊರಿನ ಅಣ್ಣತಮ್ಮಂದಿರಿಬ್ಬರೂ ಅತ್ತರು. ಅಮ್ಮನ್ನ ಅವರು ನೋಡೇ ಇಲ್ಲ!

ಟೀಚರಮ್ಮನ ಪ್ರಶ್ನೆಗಳಿಗೆ ಉತ್ತರ. ಸೂರ್ಯ ಹುಟ್ಟೋ ಕಡೆ ಮುಖ ಮಾಡಿ ನಿಂತೆ, ಎಲ್ಲರೂ ನಕ್ಕರು. ಮಧ್ಯಾಹ್ನ ನೆರಳು ಬಲಗೈ ಕಡೆ ಬೀಳುತ್ತೆ. ನಮ್ಮೂರಲ್ಲಿ ಎಡಕ್ಕೆ ಬೀಳುತ್ತಲ್ವಾ? ನಾನು ಇಷ್ಟು ದಿನ ಗಮನಿಸೇ ಇರಲಿಲ್ಲ ನೋಡು. ಧ್ರುವ ನಕ್ಷತ್ರನ ಹುಡುಕಿ ಹುಡುಕಿ ಕತ್ತು ನೋವು ಬಂತು, ಎಲ್ಲೂ ಇಲ್ಲ. ಯಾರೋ ಕದ್ದುಕೊಂಡು ಹೋಗಿದ್ದಾರೆ. ಈಗ ಮಳೆ ಇಲ್ಲ, ಒಣಗಾಳಿ ಬೀಸ್ತಿದೆ, ಅದು ಬೆಳಗಿನ ಸೂರ್ಯನ ಕಡೆಯಿಂದ ಬರುತ್ತೆ. ನೀವೆಲ್ಲ ಅಲ್ಲಿ ಛತ್ರಿ ಹಿಡ್ಕೊಂಡು ಓಡಾಡ್ತಿದ್ದೀರಿ, ಇಲ್ಲಿ ತುಟಿ ಒಡೆದು ರಕ್ತ ಬರ್ತಿದೆ. ಊ ಚಿತ್ ಪೇ ಅವರನ್ನ ಕೇಳಿದೆ. ಈ ಕಡೆ ಬರುವಾಗ ಬೆಳಗಿನ ಬಿಸಿಲು ನೇರ ಮುಖಕ್ಕೇ ಬೀಳುತ್ತಂತೆ, ಅನ್ನ ಬಸಿಯೋಕೆ ಕಣ್ಣು ಬಿಡೋಕಾಗಲ್ಲ, ಎಷ್ಟೋ ದಿನ ಹಾಗೇ ಇರುತ್ತೆ ಅಂದ್ರು. ಇದರಿಂದ ನಿಮ್ಮ ಟೀಚರಿಗೆ ಏನು ಸಿಗುತ್ತೋ ಗೊತ್ತಿಲ್ಲ. ಹೇಳಿದ್ದೀನಿ.

ಈಗ ನಿಜವಾದ ಸುದ್ದಿ ಕೇಳು. ನಮಗೆ ದೋಣಿ ಸಿಕ್ಕಿದೆ!

ದ್ವೀಪದ ಆಚೆ ಬದಿಯಲ್ಲಿ ಇಲ್ಲಿಯ ಜನರ ನಾಲ್ಕು ಗುಡಿಸಲಿವೆ. ಅಲ್ಲೊಬ್ಬ ಮುದುಕ ಇದ್ದಾನೆ. ಅವನ ಭಾಷೆ ನಮಗೆ ಬರಲ್ಲ, ನಮ್ಮದು ಅವನಿಗೆ ಬರಲ್ಲ. ಅವನ ಹಳೇ ದೋಣಿಯ ತೂತು ಮುಚ್ಚಿ ಅಂಟು ಬಳಿದು ಕೊಟ್ವಿ, ಅದನ್ನೇ ನಮಗೆ ಕೊಟ್ಟುಬಿಟ್ಟ. ಪಾಪದವನು. ಪಕ್ಕಕ್ಕೆ ಬಿದಿರು ಕಟ್ಟಿದ ಸಣ್ಣ ದೋಣಿ, ಹಾಯಿ ಹರಿದಿದೆ, ಹಿಟ್ಟಿನ ಚೀಲ ಹೊಲೀತಿದ್ದೀವಿ. ಮ್ಯಾಂಗ್ರೋವ್ ಗಿಡಗಳ ಸಂದಿಯಲ್ಲಿ ಬಚ್ಚಿಟ್ಟಿದ್ದೀವಿ. ನಾನು, ಸೋ ನೈಂಗ್ ಅಂತ ಮೋನ್ ಕಡೆಯವನು, ದವೇಯ ಇಬ್ಬರು.

ಸೋ ನೈಂಗ್ ಈಗಲೇ, ಈ ಒಣಗಾಳಿಗೇ ಹೊರಟುಬಿಡೋಣ ಅಂತ ಕುಣೀತಿದ್ದ. ನಾನು ಅಮ್ಮನ ಮಾತು ಇನ್ನೊಂದು ಸಲ ಓದಿ ಹೇಳಿದೆ. ದವೇಯವರೂ, ಹೌದು, ನಮ್ಮೂರಲ್ಲೂ ಇದೇ ಲೆಕ್ಕ, ಸಮುದ್ರ ಯಾವಾಗಲೂ ಸೂರ್ಯ ಮುಳುಗೋ ಕಡೆ, ಮನೆ ಸೂರ್ಯ ಹುಟ್ಟೋ ಕಡೆ ಅಂದ್ರು. ಮೂರು ಜನ ಒಂದಾದ ಮೇಲೆ ಸೋ ನೈಂಗ್ ಬಾಯಿ ಮುಚ್ಕೊಂಡ. ಮಳೆಗಾಳಿ ಏಳೋವರೆಗೆ ಕಾಯ್ತೀವಿ. ಹೋದ ಸಲ ನಿನಗೆ ಬರೆದಾಗ ಎದ್ದಿತ್ತಲ್ಲ, ಅದೇ ಗಾಳಿ. ಅದು ಸೂರ್ಯ ಮುಳುಗೋ ಕಡೆಯಿಂದ ಬರುತ್ತೆ, ನಮ್ಮೂರಿನ ಮಳೆಗಾಳಿಯ ಹಾಗೇ. ಬೆನ್ನಿಗೆ ಅದು, ಮುಂದೆ ಸೂರ್ಯ. ಅಪ್ಪ ಹೋದ ದಾರಿ.

ಭೂಗೋಳ ನಿನಗಿರಲಿ ಕಪ್ಪೆಮರಿ. ನನಗೆ ಅಮ್ಮನ ಮಾತು ಸಾಕು. ಮನೆಗೆ ಬಂದಮೇಲೆ ನಕ್ಷೆ ಹಿಡ್ಕೊಂಡು ಎಷ್ಟು ಬೇಕಾದ್ರೂ ಪಾಠ ಮಾಡು, ಅಮ್ಮ ಮಾಡೋ ಮೀನುಸಾರಿನ ಮೊಹಿಂಗಾ ತಿನ್ಕೊಂಡು ಕೇಳ್ತೀನಿ. ನಿಜ ಹೇಳ್ತೀನಿ, ತುಂಬ ಸಾಕಾಗಿದೆ ಕಣೇ. ನಗ್ತಾ ಬರೀತೀನಿ, ಅಷ್ಟೇ.

ನಿನ್ನ ಅಣ್ಣ,
ಥಾ ಝಾನ್

*

ಕ್ಯೌಕ್ ಚೌಂಗ್
9 ನವೆಂಬರ್ 1997

ಅಣ್ಣಾ, ಹೋಗಬೇಡ.

ಮಳೆಗಾಳಿಗೆ ದೋಣಿ ಬಿಡಬೇಡ. ಸೂರ್ಯ ಹುಟ್ಟೋ ಕಡೆ ಹೋಗಬೇಡ. ಅಮ್ಮ ಹೇಳಿದ್ದು ನಮ್ಮೂರ ಸಮುದ್ರಕ್ಕೆ ಸರಿ, ನೀನಿರೋ ಸಮುದ್ರಕ್ಕೆ ತಪ್ಪು. ಪತ್ರ ನೆಂದು ಹಾಳಾದ್ರೂ ಇಷ್ಟಾದ್ರೂ ಉಳೀಲಿ ಅಂತ ಮೊದಲೇ ಬರೆದಿದ್ದೀನಿ.

ನಿನ್ನ ಪತ್ರ ನಿನ್ನೆ ಸಂಜೆ ಬಂತು. ಅಮ್ಮನಿಗೆ ಓದಿ ಹೇಳಿದೆ, ಅವಳು ಕುಣಿಯೋದೊಂದು ಬಾಕಿ. ಆಮೇಲೆ ಟೀಚರ್ ಮನೆಗೆ ಓಡಿದೆ. ಅವರು ನಿನ್ನ ಉತ್ತರಗಳನ್ನ ಓದ್ತಾ ಓದ್ತಾ ಎಲೆ ಅಡಿಕೆ ಅಗಿಯೋದು ನಿಲ್ಲಿಸಿಬಿಟ್ಟರು. ಒಳಗಿಂದ ಒಂದು ಚಕ್ಕೋತ ತಂದರು. ಸುಣ್ಣದ ಡಬ್ಬಿಯಿಂದ ಬೆರಳಲ್ಲಿ ಸುಣ್ಣ ತೆಗೆದು ಹಣ್ಣಿನ ನಡು ಮಧ್ಯಕ್ಕೆ ಒಂದು ಗೆರೆ ಸುತ್ತಿದರು. "ಇದು ಭೂಮಧ್ಯರೇಖೆ. ನೀನಿಲ್ಲಿ," ಅಂತ ಗೆರೆಯ ಮೇಲ್ಗಡೆ ಒಂದು ಚುಕ್ಕೆ. "ನಿಮ್ಮಣ್ಣ ಇಲ್ಲಿ," ಅಂತ ಗೆರೆಯ ಕೆಳಗೆ, ಬಲಗಡೆಗೆ, ಹಣ್ಣನ್ನ ತಿರುಗಿಸಿ ತಿರುಗಿಸಿ, ಅಷ್ಟು ದೂರದಲ್ಲಿ ಇನ್ನೊಂದು ಚುಕ್ಕೆ. ನನ್ನ ಚುಕ್ಕೆ ನೋಡ್ತಿದ್ರೆ ನಿನ್ನದು ಕಾಣ್ತಿರಲಿಲ್ಲ ಅಣ್ಣ.

ನೆರಳು ಬಲಕ್ಕೆ ಬಿತ್ತು, ಧ್ರುವ ಕಾಣಲಿಲ್ಲ ಅಂದ್ರೆ ನೀನು ಗೆರೆಯ ಆಚೆ ಇದ್ದೀಯ. ಆಚೆ ಕಡೆ ಮಳೆಯ ತಿಂಗಳುಗಳೇ ಬೇರೆ. ನೀನು ವಾಝೋ ಅಂತ ಬರೆದಿದ್ದು ಅದಕ್ಕೇ. ಹಡಗು ಬರುವಾಗ ಬಿಸಿಲು ಮುಖಕ್ಕೆ ಬೀಳುತ್ತೆ ಅಂದ್ರೆ ಅದು ಸೂರ್ಯ ಹುಟ್ಟೋ ಕಡೆಗೇ ನಿನ್ನನ್ನ ಒಯ್ದಿದೆ. ಒಯ್ದ ಕಡೆಗೇ ಇನ್ನೂ ಮುಂದಕ್ಕೆ ಹೋದ್ರೆ ಮನೆ ಹೇಗೆ ಬರುತ್ತೆ? ನೀನೇ ಬರೆದಿದ್ದೀಯಲ್ಲೋ! ನಿನ್ನ ಕೈಯಲ್ಲೇ ಬರೆದಿದ್ದೀಯ, ಒಂದು ಕ್ಷಣ ಯೋಚನೆ ಮಾಡಬಾರದಿತ್ತಾ?

ನಮ್ಮೂರು ನಮ್ಮ ಸಮುದ್ರದ ಪೂರ್ವ ದಡದಲ್ಲಿದೆ. ದವೇನೂ ಹಾಗೇ. ಅದಕ್ಕೇ ನಮ್ಮವರಿಗೆಲ್ಲ ಮನೆ ಅಂದ್ರೆ ಸೂರ್ಯ ಹುಟ್ಟೋ ಕಡೆ. ಅಪ್ಪ ಆ ಸಮುದ್ರ ಬಿಟ್ಟು ಬೇರೆ ಸಮುದ್ರ ನೋಡಲೇ ಇಲ್ಲ. ಸಮುದ್ರ ಒಂದೇ ಅಲ್ಲವಂತೆ ಅಣ್ಣ. ನಿನಗೆ ಮನೆ ಇರೋದು ಸೂರ್ಯ ಮುಳುಗೋ ಕಡೆ, ಸ್ವಲ್ಪ ಉತ್ತರಕ್ಕೆ ವಾಲಿಕೊಂಡು. ಅಲ್ಲಿಯ ಮಳೆಗಾಳಿ ನಿಮ್ಮನ್ನ ಮನೆಗೆ ಬೆನ್ನು ಮಾಡಿಸಿ ಒಯ್ಯುತ್ತೆ. ಆ ಕಡೆ ದೊಡ್ಡ ತೆರೆದ ಸಮುದ್ರ. ಅದರಾಚೆ ಆಸ್ಟ್ರೇಲಿಯಾ ಇದೆ ಅಂತ ಟೀಚರ್ ನಕ್ಷೆ ಮೇಲೆ ತೋರಿಸಿದರು. ನಕ್ಷೆ ಮೇಲೆ ಎಲ್ಲಾ ಹತ್ತಿರವೇ.

ಸೋ ನೈಂಗ್ ಹೇಳಿದ್ದೇ ಸರಿ. ಹೋಗೋದಾದ್ರೆ ಒಣಗಾಳಿಗೇ ಹೋಗಬೇಕು. ಅದು ಮನೆಯ ಕಡೆಗೇ ಬೀಸುತ್ತೆ. ಬರ್ಮಾಗೆ ದೋಣಿಯಲ್ಲಿ ಬರೋ ಹುಚ್ಚು ಬಿಡಿ. ಆ ಗಾಳಿಗೆ ಹೋದ್ರೆ ದಾರಿಯಲ್ಲಿ ಪಟ್ಟಣಗಳಿರೋ ದೊಡ್ಡ ದ್ವೀಪಗಳು ಸಿಗುತ್ತವೆ. ಅಲ್ಲಿ ಇಳಿದು ಪೊಲೀಸರ ಕಾಲು ಹಿಡಿಯಿರಿ. ಆದರೆ ಆ ಗಾಳಿ ಈಗ ನಿಂತಿರುತ್ತೆ ಅಂತಾರೆ ಟೀಚರ್. ಮುಂದಿನ ವರ್ಷ ಮತ್ತೆ ಏಳೋವರೆಗೆ ಕಾಯಬೇಕು. ಸಾಕಾಗಿದೆ ಕಣೇ ಅಂತ ನೀನು ಬರೆದ್ರೆ, ಇನ್ನೂ ಅರ್ಧ ವರ್ಷ ಆ ನರಕದಲ್ಲೇ ಇರು ಅಂತ ನಾನು ಬರೀತಿದ್ದೀನಿ. ಬೈದುಕೋ, ಆದರೆ ಇರು.

ಟೀಚರ್ ನಾಳೆ ತಾವೇ ಯಾಂಗೊನ್ ಬಸ್ಸು ಹತ್ತುತ್ತಾರೆ. ಅವರ ಸೊಸೆಯ ತಮ್ಮ ಗಡಿಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ, ಮಹಾಚೈಗೆ ಕಳಿಸೋಕೆ ಈ ಪತ್ರನ ಅವನ ಕೈಗೆ ಕೊಟ್ಟು ಬರ್ತಾರೆ.

ಅಮ್ಮನಿಗೆ ಇದೆಲ್ಲ ಹೇಳಿಲ್ಲ. ಹೇಗೆ ಹೇಳಲಿ? ಆ ಸಾಲುಗಳನ್ನ ಅವಳು ಹೇಳಿದ್ದು.

ನಿನ್ನ,
ನ್ವೇ ಖಿನ್

*

ಕ್ಯೌಕ್ ಚೌಂಗ್
21 ಡಿಸೆಂಬರ್ 1997

ಅಣ್ಣಾ,

ಹೋದ ಪತ್ರ ಸಿಕ್ಕಿತಾ? ಸಿಗದಿದ್ರೆ ಅಂತ ಇನ್ನೊಂದು. ಮಳೆಗಾಳಿಗೆ ಹೋಗಬೇಡಿ. ಒಣಗಾಳಿಗೆ ಕಾಯಿರಿ. ಸೂರ್ಯ ಮುಳುಗೋ ಕಡೆ.

ಇಲ್ಲಿ ಆಕಾಶ ಕನ್ನಡಿ ಹಾಗಿದೆ. ಒಂದು ಮೋಡ ಇಲ್ಲ, ಎಲ್ಲರ ಅಂಗಳದಲ್ಲೂ ಮೀನು ಒಣಗ್ತಿದೆ. ನಾನು ದಿನಾ ಎದ್ದು ಈ ಆಕಾಶ ನೋಡ್ತೀನಿ, ಅಲ್ಲೂ ಹೀಗೇ ಇರಲಿ ಅಂತ ಬೇಡ್ಕೊಳ್ತೀನಿ. ಇರಲ್ಲ ಅಂತಾನೂ ಗೊತ್ತು. ಕಲಿತುಬಿಟ್ಟಿದ್ದೀನಲ್ಲ. ಕಲೀದೇ ಇದ್ದಿದ್ರೆ ಅಮ್ಮನ ಜೊತೆ ಕೂತು ನಾನೂ ನಗ್ತಿದ್ದೆ.

ಅಮ್ಮ ನಿನಗೆ ಅಂತ ಹೊಸ ಲುಂಗಿ ಹೊಲಿಸಿದ್ದಾಳೆ. "ಮಳೆಗಾಳಿಗೆ ಇನ್ನೆಷ್ಟು ತಿಂಗಳೇ?" ಅಂತ ಕೇಳ್ತಾಳೆ. ಅವಳು ಕೇಳೋದು ನಮ್ಮ ಮಳೆಗಾಳಿ. ತುಂಬ ಇದೆ ಅಮ್ಮ ಅಂತೀನಿ.

ಒಂದೇ ಒಂದು ಸಾಲು ಬರಿ.

ನ್ವೇ ಖಿನ್

*

ಮಹಾಚೈ ಬಂದರು
ಮಾರ್ಚ್ 1998

ಮಗಳು ನ್ವೇ ಖಿನ್‌ಗೆ,

ನಾನು ಊ ಚಿತ್ ಪೇ, ಅಡುಗೆಯವನು. ನಿಮ್ಮಣ್ಣನ ಪತ್ರ ತರ್ತಿದ್ದವನು. ನನಗೆ ಬರೆದು ಅಭ್ಯಾಸ ಇಲ್ಲ ತಾಯಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೋ.

ನಿನ್ನ ಎರಡು ಪತ್ರವೂ ನನಗೆ ಒಟ್ಟಿಗೇ ಸಿಕ್ಕವು. ಹಡಗು ರಿಪೇರಿಗೆ ಅಂತ ಇಲ್ಲೇ ನಿಂತುಬಿಟ್ಟಿತ್ತು, ಹೊರಡೋದು ತಡ ಆಯ್ತು. ನಾನು ಪತ್ರ ಒಡೆದು ಓದಿದೆ. ಓದಬಾರದಿತ್ತು, ಆದರೆ ಲಕೋಟೆಯ ಮೇಲೆ 'ಬೇಗ, ಬೇಗ' ಅಂತ ಬರೆದಿದ್ದೆಯಲ್ಲ. ಬೆಳಗಿನ ಬಿಸಿಲು ಮುಖಕ್ಕೆ ಬೀಳುತ್ತೆ ಅಂತ ಹೇಳಿದವನು ನಾನೇ. ಎಷ್ಟು ವರ್ಷ ಓಡಾಡಿದ್ದೀನಿ, ನನಗೂ ಹೊಳೀಲಿಲ್ಲ.

ದ್ವೀಪ ಮುಟ್ಟಿದಾಗ ಅವರು ಇರಲಿಲ್ಲ. ಮೊದಲನೇ ಮಳೆಗೇ ಹೊರಟಿದ್ದರು. ಅಲ್ಲಿ ಉಳಿದ ಹುಡುಗರು ಹೇಳಿದ್ದನ್ನ ಬರೀತೀನಿ. ನಿಮ್ಮ ತಾಯಿಯ ಮಾತಿದ್ದ ಹಾಳೆಯನ್ನ ಥಾ ಝಾನ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದನಂತೆ. ನಗ್ತಾ ಇದ್ದನಂತೆ. ಯಾರೋ ತಮಾಷೆಗೆ ನಿನ್ನ ನಕ್ಷೆ ಎಲ್ಲಪ್ಪಾ ಅಂದ್ರೆ, ಸೊಂಟ ತಟ್ಟಿ ಇಲ್ಲಿದೆ ಅಂದನಂತೆ.

ದೋಣಿ ಕೊಟ್ಟ ಮುದುಕ ದಡದಲ್ಲಿ ಓಡಿ ಬಂದನಂತೆ. ಕೂಗ್ತಾ, ಎರಡೂ ಕೈ ಎತ್ತಿ, ಬೇರೆ ಕಡೆಗೆ ತೋರಿಸ್ತಾ ನೀರಿಗೇ ಇಳಿದನಂತೆ. ಅವನ ಮಾತು ಇವರಿಗೆ ಬರಲ್ಲ. ಬೀಳ್ಕೊಡ್ತಿದ್ದಾನೆ ಅಂದ್ಕೊಂಡು ಇವರೂ ಕೈ ಬೀಸಿದರಂತೆ.

ಅಲ್ಲಿಂದ ಇಲ್ಲಿಯವರೆಗೆ ಎದುರಾದ ಪ್ರತಿ ಹಡಗಿನವರನ್ನೂ ಕೇಳಿದ್ದೀನಿ. ಕಂಡವರಿಲ್ಲ. ಸುಳ್ಳು ಸಮಾಧಾನ ಹೇಳೋಕೆ ನನಗೆ ಬರಲ್ಲ ತಾಯಿ. ನಿನ್ನ ಪತ್ರಗಳನ್ನ ಇದರ ಜೊತೆ ಇಟ್ಟಿದ್ದೀನಿ.

ನಿಮ್ಮ ತಾಯಿಗೆ ಏನು ಹೇಳಬೇಕೋ ನಿನಗೆ ಬಿಟ್ಟದ್ದು. ನನಗೆ ಮಗಳಿದ್ದಿದ್ದರೆ ಇಷ್ಟು ಓದಿಸ್ತಿದ್ದೆ.

ಇಂತಿ,
ಚಿತ್ ಪೇ

*

ಕ್ಯೌಕ್ ಚೌಂಗ್
15 ಜುಲೈ 1998, ವಾಝೋ

ಪ್ರೀತಿಯ ಅಣ್ಣ,

ಈ ಪತ್ರನ ಯಾರ ಕೈಗೂ ಕೊಡಲ್ಲ. ಕೊಡೋಕೆ ವಿಳಾಸ ಇಲ್ಲ. ಬರೆಯೋ ಅಭ್ಯಾಸ ಬಿಡೋಕಾಗ್ತಿಲ್ಲ, ಅಷ್ಟೇ.

ಈ ಸಲ ನಿಜವಾಗಿ ವಾಝೋ. ಭಿಕ್ಷುಗಳು ಮಠ ಸೇರಿದರು, ಮಳೆ ಹಿಡಿದುಕೊಂಡಿದೆ, ಗಾಳಿ ಸಮುದ್ರದ ಕಡೆಯಿಂದ ಮನೆ ಬಾಗಿಲು ಗುದ್ತಿದೆ. ಅಮ್ಮ ದಡದಲ್ಲಿದ್ದಾಳೆ. ಬೆಳಿಗ್ಗೆ ಗಂಜಿ ಕುಡಿದು ಹೋಗ್ತಾಳೆ, ದೋಣಿ ಎಳೆದಿಡೋ ಚಪ್ಪರದಡಿ ಕೂರ್ತಾಳೆ. ಬಾರಮ್ಮ, ಶೀತ ಆಗುತ್ತೆ ಅಂದ್ರೆ, "ನಾನು ದಡದಲ್ಲಿರ್ತೀನಿ ಅಂತ ಬರೆಸಿಲ್ವಾ? ಅವನು ಬಂದಾಗ ಇರದಿದ್ರೆ ಆಡ್ಕೊಳ್ತಾನೆ" ಅಂತಾಳೆ.

ಅಡುಗೆಯವರ ಪತ್ರ ಅವಳಿಗೆ ಓದಿ ಹೇಳಿದ್ದೀನಿ. ಮಳೆಗಾಳಿಗೆ ಹೊರಟರು, ನಗ್ತಾ ಹೊರಟರು ಅನ್ನೋವರೆಗೆ ಓದಿದೆ. ಅಲ್ಲಿಗೆ ಮಡಚಿ ಇಟ್ಟೆ. ಇನ್ನೂ ಇದ್ದ ಹಾಗಿತ್ತಲ್ಲೇ ಅಂದಳು. ಬರೀ ನಮಸ್ಕಾರ ಅಮ್ಮ ಅಂದೆ.

ನಾನೀಗ ಮಧ್ಯಾಹ್ನದ ಹೊತ್ತು ಟೀಚರಿಗೆ ಸಹಾಯಕ್ಕೆ ಹೋಗ್ತೀನಿ. ಸಣ್ಣ ಮಕ್ಕಳನ್ನ ಅಂಗಳದಲ್ಲಿ ನಿಲ್ಲಿಸಿ ನೆರಳು ನೋಡೋದು ಹೇಳಿಕೊಡ್ತೀನಿ. ದೊಡ್ಡ ಹುಡುಗರಿಗೆ ಚಕ್ಕೋತದ ಮೇಲೆ ಗೆರೆ ಎಳೆದು, ಈಚೆ ಮಳೆ ಯಾವಾಗ, ಆಚೆ ಮಳೆ ಯಾವಾಗ, ಯಾವ ಗಾಳಿ ಎಲ್ಲಿಗೆ ಒಯ್ಯುತ್ತೆ ಅಂತ ಹೇಳಿಸ್ತೀನಿ. ಒಬ್ಬ ಹುಡುಗ, "ಇದನ್ನ ಕಲಿತು ಏನಕ್ಕಾ ಮಾಡೋದು, ನಾವು ಥಾಯ್ಲೆಂಡಿಗೆ ಹೋಗೋರು" ಅಂದ. ಕಪಾಳಕ್ಕೆ ಹೊಡೆದುಬಿಟ್ಟೆ. ಆಮೇಲೆ ನಾನೇ ಅತ್ತೆ, ಅವನೇ ನನಗೆ ನೀರು ತಂದುಕೊಟ್ಟ. ಅವನ ಅಣ್ಣ ಹೋಗಿ ಮೂರು ವರ್ಷ ಆಯ್ತು. ಎಲ್ಲಿದ್ದಾನೆ ಅಂದ್ರೆ, 'ಆ ಕಡೆ' ಅಂತಾನೆ.

ನಿನ್ನೆ ಅಮ್ಮ ಶಾಲೆಗೆ ಬಂದಳು. ಜೀವಮಾನದಲ್ಲಿ ಮೊದಲ ಸಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒದ್ದೆ ಕೈಯನ್ನ ತಾನುಟ್ಟ ಲುಂಗಿಗೆ ಒರೆಸಿಕೊಂಡು, ನೇರ ನಕ್ಷೆಯ ಮುಂದೆ ಬಂದು ನಿಂತಳು.

"ನಿಮ್ಮಣ್ಣ ಇದ್ದ ಜಾಗ ತೋರಿಸೇ."

ಟೀಚರ್ ಮೇಜಿನ ಹತ್ತಿರ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನನ್ನ ಕೈ ಬಲಗಡೆ ಕೆಳಗೆ ಹೋಗಬೇಕಿತ್ತು, ಮಲೇಷ್ಯಾ ದಾಟಿ, ಅಷ್ಟೂ ದ್ವೀಪ ದಾಟಿ. ಹೋಗಲಿಲ್ಲ ಅಣ್ಣ. ನಮ್ಮೂರಿನ ಎಡಗಡೆ, ಬರೀ ನೀಲಿ ಬಣ್ಣ ಇದೆಯಲ್ಲ, ಅಲ್ಲಿ ಬೆರಳಿಟ್ಟೆ. "ಇಲ್ಲಮ್ಮ" ಅಂದೆ. ಅಲ್ಲಿ ಒಂದು ದ್ವೀಪದ ಚುಕ್ಕೆಯೂ ಇಲ್ಲ.

"ನಮ್ಮೂರು?"

"ಇದು."

"ಸೂರ್ಯ ಹುಟ್ಟೋದು?"

"ಈ ಕಡೆ."

ಅಮ್ಮ ನಾನು ತೋರಿಸಿದ ನೀಲಿಯ ಮೇಲೆ ತನ್ನ ಬೆರಳಿಟ್ಟಳು. ಅಲ್ಲಿಂದ ನಮ್ಮೂರಿನವರೆಗೆ ನಿಧಾನಕ್ಕೆ ಎಳೆದಳು. ಮತ್ತೆ ವಾಪಸ್ಸು ಹೋಗಿ ಇನ್ನೊಂದು ಸಲ ಎಳೆದಳು.

"ಹಾಗಾದ್ರೆ ನಾನು ಹೇಳಿದ ದಾರಿ ಸರಿಯಾಗೇ ಇತ್ತು?"

"ಸರಿಯಾಗೇ ಇತ್ತಮ್ಮ."

"ಗಾಳಿ ಎಲ್ಲಾ ಕಡೆ ಒಂದೇ ತರ ತಾನೇ ಬೀಸೋದು?" ಅಂತ ಕೇಳಿ ನನ್ನ ಮುಖ ನೋಡಿದಳು. ಅವಳು ಹಿಂದೆ ಯಾವತ್ತಾದ್ರೂ ಹಾಗೆ ನೋಡಿದ್ದು ನನಗೆ ನೆನಪೇ ಇಲ್ಲ. ಟೀಚರ್ ತಲೆ ಎತ್ತಿದರು. ಇಪ್ಪತ್ತು ವರ್ಷದಿಂದ ಒಂದು ತಪ್ಪು ಉತ್ತರವನ್ನೂ ಬಿಡದ ಹೆಂಗಸು ಅವರು.

"ಒಂದೇ ತರ ಕಣಮ್ಮ," ಅಂದೆ.

ಟೀಚರ್ ತಲೆ ಬಗ್ಗಿಸಿಕೊಂಡು ಮತ್ತೆ ತಿದ್ದೋಕೆ ಶುರು ಮಾಡಿದರು. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಮಳೆಯಲ್ಲೇ ದಡದ ಕಡೆ ಹೋದಳು.

ಆಸ್ಟ್ರೇಲಿಯಾ ದೊಡ್ಡ ದೇಶ ಅಂತಾರೆ. ದಡ ತುಂಬ ಉದ್ದ ಅಂತಾರೆ. ಅದನ್ನ ನಾನು ಪುಸ್ತಕದಲ್ಲಿ ಓದಿದ್ದೀನಿ, ಆಸೆ ಬಿಟ್ಟಿಲ್ಲ. ನೀನು ಬಂದರೆ ಬರೋದು ವಿಮಾನದಲ್ಲಿ, ಆಮೇಲೆ ಯಾಂಗೊನ್ ಬಸ್ಸಿನಲ್ಲಿ, ಬೆಟ್ಟದ ಕಡೆಯಿಂದ ಅಂತಾನೂ ಗೊತ್ತು. ಬಸ್ಸು ಇಳಿದಮೇಲೆ ನೇರ ಮನೆಗೆ ಬರಬೇಡ ಅಣ್ಣ. ಗದ್ದೆ ಹಿಂದೆ ಸುತ್ತಿಕೊಂಡು ಹೋಗಿ, ಬಟ್ಟೆ ನೆನೆಸಿಕೊಂಡು, ಸಮುದ್ರದ ಕಡೆಯಿಂದಲೇ ಬಾ. ಅವಳು ಅಲ್ಲೇ ಕೂತಿರ್ತಾಳೆ.

ನಿನ್ನ ತಂಗಿ,
ನ್ವೇ ಖಿನ್